ಆಳು ಬೀಳದ ಹಾಗೆ ಚಿತ್ರ ಬರೆಯುವುದು ಹೇಗೆ?

ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸ್ಕೆಚ್ ಪುಸ್ತಕ ಹಿಡಿದು ಕೂತ ಹುಡುಗರು ಸಿಗುತ್ತಾರೆ. ಪಕ್ಕದಲ್ಲಿ ಮೊಬೈಲು, ಅದರಲ್ಲೊಂದು ಫೋಟೋ. ಕಣ್ಣು, ಮೂಗು ಚೆನ್ನಾಗಿಯೇ ಬಂದಿರುತ್ತದೆ. ಆಳು ಮಾತ್ರ ಇನ್ನೇನು ಬಿದ್ದ ಅನ್ನುವ ಹಾಗೆ ನಿಂತಿರುತ್ತಾನೆ. ತಲೆಯಿಂದ ಶುರು ಮಾಡಿ ಅಂಚಿನ ಗೆರೆ ಹಿಡಿದು ಕೆಳಗಿಳಿದರೆ ಹೀಗೇ ಆಗುವುದು.

ಮೊದಲು ಫೋಟೋ. ನೀವೇ ತೆಗೆಯಿರಿ, ಕೇಳಿ ತೆಗೆಯಿರಿ. ತೀರಾ ಹತ್ತಿರದಿಂದ ತೆಗೆದರೆ ಮುಂದಿನ ಕೈ ದಪ್ಪ, ಹಿಂದಿನ ಕಾಲು ಸಣ್ಣ. 3–4 ಮೀಟರ್ ಹಿಂದೆ ಸರಿದು, ಫೋನನ್ನು ಎದುರಿನವರ ಸೊಂಟದ ಎತ್ತರಕ್ಕೆ ಹಿಡಿದು, ಝೂಮ್ ಮಾಡಿ. ಎಐ ಮಾಡಿಕೊಟ್ಟ ಚಿತ್ರ ನೋಡಿ ಬರೆಯಲೇಬೇಡಿ. ಬೆರಳು ಐದೇ ಇದ್ದರೂ ಕೀಲು ಎಲ್ಲೆಲ್ಲೋ ಇರಬಹುದು.

ಅಳತೆ ಸುಲಭ. ದೊಡ್ಡವರ ಎತ್ತರ ಅವರ ತಲೆಯ ಉದ್ದದ ಸುಮಾರು 7.5 ಪಟ್ಟು. ಎತ್ತರದ ಸರಿ ಅರ್ಧಕ್ಕೆ ಕಾಲು ಕವಲೊಡೆಯುತ್ತದೆ, ಹೊಕ್ಕುಳಲ್ಲಿ ಅಲ್ಲ.

ಈಗ ಎಲ್ಲರೂ ಎಡವುವ ಜಾಗ: ಭಾರ. ಬಸ್ಸಿಗೆ ಕಾಯುವವರನ್ನು ನೋಡಿ. ಹೆಚ್ಚಿನವರು ಒಂದು ಕಾಲಿನ ಮೇಲೆ ಭಾರ ಬಿಟ್ಟು ಇನ್ನೊಂದನ್ನು ಸುಮ್ನೆ ಸಡಿಲ ಬಿಟ್ಟಿರುತ್ತಾರೆ. ಭಾರ ಬಲಗಾಲಿನ ಮೇಲಿದೆ ಅಂದುಕೊಳ್ಳಿ. ಸೊಂಟ ಬಲಗಡೆ ಏರುತ್ತದೆ, ಎಡಗಡೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಬಲ ಹೆಗಲು ತಗ್ಗುತ್ತದೆ. ಬಲ ಪಕ್ಕೆ ಕುಗ್ಗಿ ಮಡಿಕೆ ಬೀಳುತ್ತದೆ, ಎಡ ಪಕ್ಕೆ ಎಳೆದ ಹಾಗಿರುತ್ತದೆ. ನಡುವೆ ಬೆನ್ನುಮೂಳೆ ಬಾಗುತ್ತದೆ. ನಂಬಿಕೆ ಬರದಿದ್ದರೆ ಕನ್ನಡಿ ಮುಂದೆ ನಿಂತು, ಸೊಂಟದ ಎರಡೂ ಬದಿಯ ಎಲುಬಿನ ಮೇಲೆ ಬೆರಳಿಟ್ಟು ಕಾಲು ಬದಲಿಸಿ ನೋಡಿ.

ಹಾಗಾಗಿ ಹಾಳೆಯ ಮೇಲೆ ಮೊದಲು ಬೀಳಬೇಕಾದದ್ದು ಎರಡು ಓರೆ ಗೆರೆ: ಹೆಗಲಿನದು, ಸೊಂಟದ್ದು. ಮುಖ ಆಮೇಲೆ. ಸೀರೆ ಉಟ್ಟವರಲ್ಲಿ ಸೊಂಟ ಕಾಣುವುದಿಲ್ಲ ಅಲ್ವಾ? ಬಾಗಿದ ಮಂಡಿ ಬಟ್ಟೆಯನ್ನು ಮುಂದಕ್ಕೆ ತಳ್ಳಿರುತ್ತದೆ. ಅದು ಸಡಿಲ ಕಾಲು. ಏರಿದ ಸೊಂಟ ಇನ್ನೊಂದು ಕಡೆ.

ಇನ್ನು ಪರೀಕ್ಷೆ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ನೋಡಲು ತೂಗುಗುಂಡು ಇಳಿಬಿಡುವ ಹಾಗೆ, ನೂಲಿಗೆ ರಬ್ಬರ್ ಕಟ್ಟಿ ಫೋಟೋ ಮುಂದೆ ಹಿಡಿಯಿರಿ. ಕುತ್ತಿಗೆ ಬುಡದ ಗುಳಿಯಿಂದ ಇಳಿದ ನೂಲು ಭಾರ ಹೊತ್ತ ಪಾದದ ಹತ್ತಿರ ಮುಟ್ಟುತ್ತದೆ. ನಿಮ್ಮ ಚಿತ್ರದಲ್ಲೂ ಮುಟ್ಟಬೇಕು. ಎರಡು ಕಾಲಿನ ನಡುವೆ ಇಳಿದರೆ ನೀವು ಬರೆದ ಸೊಂಟದ ಓರೆ ಸುಳ್ಳು. ಪಾದಗಳಿಂದ ಆಚೆ ಇಳಿದರೆ ಆಳು ಬಿದ್ದ. ಕೈಯಲ್ಲಿ ತುಂಬಿದ ಬಕೆಟ್ ಇದ್ದರೆ, ಗೋಡೆಗೆ ಒರಗಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಓಡುವವನಲ್ಲಂತೂ ನೂಲು ಪಾದ ದಾಟಿ ಮುಂದೆ ಬೀಳಲೇಬೇಕು, ಇಲ್ಲದಿದ್ದರೆ ಅವನು ಓಡುವುದಿಲ್ಲ, ಓಡುವ ನಾಟಕ ಆಡುತ್ತಾನೆ.

ಅಂಗಡಿಯವರು ಭಂಗಿ ನೋಡಿ ಬರೆಯಲು ಕೀಲಿರುವ ಮರದ ಗೊಂಬೆ ತೋರಿಸುತ್ತಾರೆ. ದುಡ್ಡು ದಂಡ. ಅದರ ಬೆನ್ನು ಬಾಗುವುದಿಲ್ಲ, ಕೈ ಎತ್ತಿದರೆ ಹೆಗಲು ಜೊತೆಗೆ ಏಳುವುದಿಲ್ಲ. ಆ ದುಡ್ಡಿಗೆ ಅಗ್ಗದ ಹಾಳೆ, 4ಬಿ ಪೆನ್ಸಿಲ್ ಜಾಸ್ತಿ ತನ್ನಿ. ಫೋಟೋ ಮೇಲೆ ಟ್ರೇಸಿಂಗ್ ಹಾಳೆ ಇಡುವುದಾದರೆ ಹೆಗಲು, ಸೊಂಟ, ಬೆನ್ನಿನ ಗೆರೆ ಹುಡುಕಲು ಮಾತ್ರ ಇಡಿ. ಅಂಚು ತೀಡಲು ಬೇಡ.

ಚಲನೆಗೆ ಛಾಯಾಗ್ರಾಹಕ ಈಡ್ವರ್ಡ್ ಮೈಬ್ರಿಡ್ಜ್ 1887ರಲ್ಲಿ ಪ್ರಕಟಿಸಿದ 781 ಫೋಟೋ ಫಲಕಗಳಿವೆ. ನಡಿಗೆ, ಓಟ, ಜಿಗಿತ ಎಲ್ಲ ಹಂತ ಹಂತವಾಗಿ ಸಿಗುತ್ತವೆ. ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ಇಲ್ಲವೇ ದಸರಾ ಕುಸ್ತಿಯನ್ನು ಫೋನಿನಲ್ಲಿ ಸ್ಲೋ ಮೋಷನ್‌ ಹಾಕಿ ತೆಗೆದುಕೊಳ್ಳಿ. ಗರಡಿಮನೆಗೆ ಹೋಗುವುದಾದರೆ ಉಸ್ತಾದರ ಅಪ್ಪಣೆ ಕೇಳಿ, ಚಪ್ಪಲಿ ಹೊರಗೆ ಬಿಡಿ. ಒಂದೊಂದು ಭಂಗಿ ಬರೆಯಲು 30 ಸೆಕೆಂಡ್, ರಬ್ಬರ್ ಮುಟ್ಟುವ ಹಾಗಿಲ್ಲ.

ಚಪ್ಪಲಿ ಬಿಟ್ಟಾಗ ಪಾದದ ಗಂಟನ್ನೂ ನೋಡಿಕೊಳ್ಳಿ. ಒಳಗಡೆಯದು ತುಸು ಮೇಲೆ, ಹೊರಗಡೆಯದು ಕೆಳಗೆ. ಎರಡನ್ನೂ ಒಂದೇ ಮಟ್ಟಕ್ಕೆ ಬರೆಯುವವರೇ ಹೆಚ್ಚು.