ಎರಡು ಬಾವಿಗಳ ನಡುವಿನ 400 ಮೀಟರ್

ನಮ್ಮ ತೈಲಕ್ಷೇತ್ರದಲ್ಲಿ ಬಾವಿಯಿಂದ ಬಾವಿಗೆ ಸುಮಾರು 400 ಮೀಟರ್. ಎಲ್ಲದರಲ್ಲೂ 20 ಮೀಟರ್ ದಪ್ಪದ ಡೆಲ್ಟಾ ಮರಳುಗಲ್ಲು ಸಿಗುತ್ತದೆ: ಬೆರಳು ದಪ್ಪದಿಂದ ಗೇಣು ದಪ್ಪದವರೆಗಿನ ಮರಳಿನ ಪದರಗಳು, ನಡುನಡುವೆ ಶೇಲ್, ಅಂದರೆ ಕೆಸರು ಗಟ್ಟಿಯಾಗಿ ಆದ ಕಲ್ಲು. ನಾನು ಲಾಗ್‌ಗಳನ್ನು (ಬಾವಿಯೊಳಗೆ ಉಪಕರಣ ಇಳಿಸಿ ಬರೆಸಿಕೊಂಡ ಗೆರೆಗಳನ್ನು) ಪಕ್ಕಪಕ್ಕ ಇಟ್ಟು, ಒಂದೇ ಥರ ಕಂಡ ಏರಿಳಿತಗಳನ್ನು ಮಟ್ಟಸವಾಗಿ ಗೆರೆ ಎಳೆದು ಜೋಡಿಸಿದ್ದೆ. ಆ ನಕ್ಷೆ ನಂಬಿ, ತೈಲವನ್ನು ಪಕ್ಕದ ಬಾವಿಯತ್ತ ತಳ್ಳಲು ಒಂದು ಬಾವಿಗೆ ನೀರು ತುಂಬಿದೆವು. ಪಕ್ಕದ ಬಾವಿಯಲ್ಲಿ ಒತ್ತಡ ಏರಲೇ ಇಲ್ಲ.

ಇಂಥದೇ ಪದರಗಳನ್ನು ನೆಲದ ಮೇಲೆ ನೋಡಲು ಆಗ ಹೋದದ್ದು ಅಮೆರಿಕದ ಯೂಟಾಕ್ಕೆ, ಎಮರಿ ಊರಿನ ದಕ್ಷಿಣಕ್ಕಿರುವ ಐವೀ ಕ್ರೀಕ್‌ಗೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಪಶ್ಚಿಮದ ಬೆಟ್ಟಗಳಿಂದ ಇಳಿದ ನದಿಗಳು ಆಗಿನ ಒಳನಾಡು ಕಡಲಿಗೆ ಸುರಿದ ಮರಳು, ಫೆರನ್ ಮರಳುಗಲ್ಲು, ಅಲ್ಲಿ ಗೋಡೆಯ ಹಾಗೆ ತೆರೆದು ನಿಂತಿದೆ. ಮೈಸೂರಿನಲ್ಲಿ ಓದುವಾಗ ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ನೋಡಿ ಬೆಳೆದ ನನಗೆ ಇದು ನಿನ್ನೆ ಮೊನ್ನೆಯ ಕಲ್ಲು.

ಮೊದಲ ಎರಡು ದಿನ ಎಡವಿದೆ. ಉಬ್ಬಿ ನಿಂತ ಮರಳುಗಲ್ಲನ್ನಷ್ಟೇ ಅಳೆದೆ. ಶೇಲ್ ಸವೆದು ಒಳಸರಿದು, ಉದುರಿದ ಚೂರುಗಳಡಿ ಮುಚ್ಚಿಹೋಗಿರುತ್ತದೆ. ತೈಲವನ್ನು ತಡೆಯುವುದು ಅದೇ. ಮೂರನೇ ದಿನ ಸುತ್ತಿಗೆ ಬಿಟ್ಟು ಗುದ್ದಲಿ ಹಿಡಿದೆ. ಕೆರೆದು ನೋಡಿದರೆ, ಕೆಳಗಡೆ ದಪ್ಪಗಿದ್ದ ಶೇಲ್ ಮೇಲಕ್ಕೆ ಹೋದಂತೆ ತೆಳುವಾಗಿ ಕೆಲವೆಡೆ ಮಾಯ. ಅಲ್ಲಿ ಮರಳಿನ ಮೇಲೆ ಮರಳೇ ಕೂತಿದೆ.

ಇನ್ನೂ ದೊಡ್ಡ ಪಾಠ ಎದುರಿನ ದಿಣ್ಣೆಯಿಂದ ನೋಡಿದಾಗ ಸಿಕ್ಕಿತು. ಪದರಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಒರಗಿ ಕಡಲಿನ ಕಡೆಗೆ ಇಳಿಯುತ್ತವೆ. ಬೆಟ್ಟವೇ ಆಮೇಲೆ ವಾಲಿದ್ದನ್ನು ಕಳೆದ ಮೇಲೂ, ನಾನು ಅಳೆದ ಕಡೆ ವಾಟ ಸುಮಾರು 10 ಡಿಗ್ರಿ. ಅಂದರೆ 400 ಮೀಟರಿಗೆ 70 ಮೀಟರ್ ಇಳಿತ. ನಮ್ಮ ಕ್ಷೇತ್ರದ ಇಮೇಜ್ ಲಾಗ್‌ನಲ್ಲಿ (ಬಾವಿಯ ಗೋಡೆಯ ಚಿತ್ರದಲ್ಲಿ) ವಾಟ 5 ಡಿಗ್ರಿಯಷ್ಟೇ. ಆದರೂ 35 ಮೀಟರ್ ಆಯಿತು. 20 ಮೀಟರ್ ದಪ್ಪದ ಮರಳುಗಲ್ಲಿನಲ್ಲಿ ಒಂದೇ ಪದರ ಆ ಎರಡೂ ಬಾವಿಗಳನ್ನು ಮುಟ್ಟುವುದು ಹೇಗೆ? ನಾನು ಜೋಡಿಸಿದ್ದು ಬೇರೆ ಬೇರೆ ಹೆಂಚುಗಳನ್ನು.

ಬಂಡೆಯ ಸಹಜ ವಿಕಿರಣ ಅಳೆದು ಮರಳು, ಶೇಲ್ ಬೇರೆ ಮಾಡುವ, ಕೈಯಲ್ಲಿ ಹಿಡಿಯುವ ಗಾಮಾ ಮಾಪಕ ಇಲ್ಲಿ ಕೈಕೊಟ್ಟಿತು. ಅದು ತಾನೇ ಅರ್ಧ ಮೀಟರಿಗೂ ಹೆಚ್ಚು ಬಂಡೆಯನ್ನು ಒಟ್ಟಿಗೆ ಓದುವುದರಿಂದ ತೆಳು ಪದರ ಕಾಣುವುದೇ ಇಲ್ಲ. ಬದಲಿಗೆ ಟೇಪಿನಲ್ಲಿ ಅಳೆದ ಪ್ರತಿ ಪದರಕ್ಕೂ ಮರಳು ಅಥವಾ ಶೇಲ್‌ನ ಗಾಮಾ ಬೆಲೆ ಕೊಟ್ಟು, ಬಾವಿಯ ಲಾಗ್ ಓದುವ ಹಾಗೆ 60 ಸೆಂಟಿಮೀಟರ್ ಸರಾಸರಿ ತೆಗೆದೆ. ಕಣ್ಣಾರೆ ಎಣಿಸಿದ ಪದರಗಳೆಲ್ಲ ಕರಗಿ ‘ಕೆಸರು ಬೆರೆತ ಮರಳು’ ಅನ್ನುವಂಥ ಸಪ್ಪೆ ಗೆರೆ ಬಂತು. ನಮ್ಮ ಬಾವಿಗಳಲ್ಲಿ ‘ಪ್ರಯೋಜನವಿಲ್ಲ’ ಎಂದು ಬದಿಗಿಟ್ಟ ಭಾಗಗಳ ಗೆರೆಯೂ ಹೀಗೇ ಇತ್ತು.

ಮರಳುಗಲ್ಲಿನ ರಂಧ್ರತೆಯ (ತೈಲ ನಿಲ್ಲುವ ಸಂದುಗಳ) ಅಳತೆಯನ್ನು ಮಾತ್ರ ಅಲ್ಲಿಂದ ತರಲಿಲ್ಲ. ಬಿಸಿಲು ಮಳೆಗೆ ಸವೆದ ಕಲ್ಲು ಆ ವಿಷಯದಲ್ಲಿ ಸುಳ್ಳು ಹೇಳುತ್ತದೆ. ಅದಕ್ಕೆ ನಮ್ಮ ಬಾವಿಗಳಿಂದ ಕೊರೆದು ತೆಗೆದ ಕಲ್ಲಿನ ಕಂಬ, ಕೋರ್, ಇದೆ.

ವಾಪಸ್ ಬಂದು ನಮ್ಮ ಕ್ಷೇತ್ರದ ಮಾದರಿಯನ್ನು ವಾಟಕ್ಕೆ ತಕ್ಕಂತೆ ತಿದ್ದಿದೆ. ನೀರು ತುಂಬಲು ಇಳಿಜಾರಿಗೆ ಅಡ್ಡಲಾಗಿ, ಹಳೇ ದಂಡೆಯ ಗುಂಟ ಇದ್ದ ಎರಡು ಜೋಡಿ ಬಾವಿಗಳನ್ನು ಆರಿಸಿದೆವು. ಒಂದು ಜೋಡಿಯಲ್ಲಿ ಒತ್ತಡ ಏರಿತು. ಇನ್ನೊಂದರಲ್ಲಿ ಏಕೆ ಏರಲಿಲ್ಲ ಎಂದು ರಿಸರ್ವಾಯರ್ ಇಂಜಿನಿಯರ್ ಜೊತೆ ಇವತ್ತಿಗೂ ಜಗಳ ನಡೆದಿದೆ.