ಫ್ರೀ ಕಾರ್ಡಿನ ಲೆಕ್ಕ ಬರೆದ ನೋಟ್‌ಬುಕ್

ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಅಕ್ಕೋರು. ಜೊತೆಗೆ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವೂ ಇದೆ. ಒಂದು ಮತಗಟ್ಟೆಯ ಮತದಾರರ ಪಟ್ಟಿ ನನ್ನ ತಲೆ ಮೇಲೆ. 2023ರಲ್ಲಿ ಇದಕ್ಕೆ ವರ್ಷಕ್ಕೆ 6,000 ರೂಪಾಯಿ ಗೌರವಧನ. ತಿಂಗಳಿಗೆ 500 ಆಯ್ತು. ಮೊಬೈಲ್ ರೀಚಾರ್ಜಿಗೇ ಅದರಲ್ಲಿ ಅರ್ಧ ಹೋಗುತ್ತಿತ್ತು.

2023ರ ಡಿಸೆಂಬರಿನಲ್ಲಿ ಒಂದು ಹಳೇ ನೋಟ್‌ಬುಕ್ ತೆಗೆದು ಲೆಕ್ಕ ಬರೆಯಲು ಶುರುಮಾಡಿದೆ. ಕಾರಣ ಒಬ್ಬ ಅಜ್ಜಿ. 2019ರ ಆಗಸ್ಟ್ ನೆರೆಯಲ್ಲಿ ಅವರ ಟ್ರಂಕು ನೀರಲ್ಲಿ ಮುಳುಗಿ ವೋಟರ್ ಕಾರ್ಡಿನ ಮುಖವೇ ಅಳಿಸಿಹೋಗಿತ್ತು. ಫಾರ್ಮ್ 8 ತುಂಬಿದರೆ ಹೊಸದು ಬರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಫೋಟೊ ಮತ್ತು ಝೆರಾಕ್ಸ್ ತನ್ನಿ ಅಂದೆ. ಹೇಳುವಾಗ ನನಗೆ ಹೆಮ್ಮೆಯೇ ಇತ್ತು.

ಅಜ್ಜಿ ಬಸ್ಸು ಸಿಗುವ ಜಾಗಕ್ಕೆ ಒಂದು ತಾಸು ನಡೆದು, ಪೇಟೆಗೆ ಹೋದರು. ಕರೆಂಟ್ ಇರಲಿಲ್ಲ, ಸ್ಟುಡಿಯೋದವ ನಾಳೆ ಬನ್ನಿ ಅಂದ. ಮರುದಿನ ಮತ್ತೆ ಹೋದರು. ಎರಡು ದಿನ ಗದ್ದೆ ಕೆಲಸ ತಪ್ಪಿತು. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 316 ರೂಪಾಯಿ. ಅದೇ ದರ ಹಿಡಿದು 632 ಅಂತ ಬರೆದೆ. ಕೆಳಗೆ ಫೋಟೊ, ಝೆರಾಕ್ಸ್, ಒಂದು ಚಾ. ಬಸ್ ಚಾರ್ಜಿನ ಎದುರು ಸೊನ್ನೆ, ಶಕ್ತಿ ಯೋಜನೆ ಇತ್ತಲ್ಲ. ಆದರೆ ಆ ಸೊನ್ನೆಯೂ ಸುಳ್ಳೇ. ಆ ಟಿಕೆಟಿನ ದುಡ್ಡನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕು. ಕಾರ್ಡು ಅಚ್ಚು ಹಾಕುವುದಕ್ಕೆ, ಅಂಚೆಯಲ್ಲಿ ಕಳಿಸುವುದಕ್ಕೆ ಖರ್ಚು ಬೇರೆ. ನಾನು ಮನೆ ಮನೆ ತಿರುಗುವಾಗ ಮೂರನೇ ಕ್ಲಾಸಿನ ಮಕ್ಕಳು ಮಗ್ಗಿ ತಾವೇ ಹೇಳಿಕೊಂಡು ಕೂತಿರುತ್ತಿದ್ದರು. ಅದನ್ನು ಯಾವ ಕಾಲಮಿನಲ್ಲಿ ಬರೆಯುವುದು?

ಫೋಟೊ ಕೈಗೆ ಕೊಡುವಾಗ ಅಜ್ಜಿ ಆಧಾರ್ ತೋರಿಸಿ ಕೇಳಿದರು: "ಅಕ್ಕೋರೆ, ಕಂಡಕ್ಟರ್ ಇದನ್ನೇ ನೋಡಿ ಟಿಕೆಟ್ ಹರಿದು ಕೊಟ್ಟ. ವೋಟಿಗೆ ಇದು ಆಗೂದಿಲ್ವಾ?"

ಆಗುತ್ತದೆ! ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ವೋಟರ್ ಕಾರ್ಡ್ ಇಲ್ಲದವರಿಗೆ ಚುನಾವಣಾ ಆಯೋಗ 12 ಬೇರೆ ದಾಖಲೆ ಹೇಳಿದೆ. ಆಧಾರ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಪೋಸ್ಟಾಫೀಸ್ ಪಾಸ್‌ಬುಕ್, ಡ್ರೈವಿಂಗ್ ಲೈಸೆನ್ಸ್, ಹೀಗೆ. ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಕಾರ್ಡ್ ಮಾಡಿಸುವುದೇ ನನ್ನ ಕೆಲಸ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಆ ಎರಡು ದಿನದ ಕೂಲಿ ಹೋದದ್ದು ನನ್ನಿಂದಲೇ.

ಅಲ್ಲಿಂದ ರೀತಿ ಬದಲಾಯಿಸಿದೆ. ಭಾನುವಾರ ಶಾಲೆಯ ಜಗಲಿಯಲ್ಲಿ ಕೂರುತ್ತಿದ್ದೆ. ಬಂದವರಿಗೆ ಮೊದಲ ಪ್ರಶ್ನೆ, "ಮನೇಲಿ ಏನೇನು ಕಾಗದ ಉಂಟು? ಎಲ್ಲ ತನ್ನಿ." ಪ್ಲಾಸ್ಟಿಕ್ ಚೀಲ ಸುರಿಯುತ್ತಿದ್ದರು. ಅದರಲ್ಲಿ ವೋಟಿಗೆ ನಡೆಯುವುದನ್ನು ಆರಿಸಿ ಬೇರೆ ಕವರಿಗೆ ಹಾಕಿ ಕೊಡುತ್ತಿದ್ದೆ. ಹೊಸ ಕಾರ್ಡ್ ಬೇಕೇ ಬೇಕು ಅಂದವರಿಗೆ ಬಿಳಿ ಲುಂಗಿ ಹಿಂದೆ ಕಟ್ಟಿ ನನ್ನ ಮೊಬೈಲಿನಲ್ಲೇ ಫೋಟೊ. ಸ್ಟುಡಿಯೋ ತಪ್ಪಿತು.

ಜಾಸ್ತಿ ಹೆದರಿಕೆ ಇದ್ದದ್ದು ಹೆಸರಿನ ಬಗ್ಗೆ. ಆಧಾರಿನಲ್ಲಿ ಸೋಮಿ, ಪಟ್ಟಿಯಲ್ಲಿ ಸೋಮು. ಇದನ್ನು ಸರಿಮಾಡಿಸಲು ಕೆಲವರು ಮೂರು ಸಲ ಪೇಟೆಗೆ ಹೋಗಿಬಂದಿದ್ದರು. ಆದರೆ ಆಳು ಇವರೇ ಅಂತ ಗೊತ್ತಾದರೆ ಸಣ್ಣ ಅಕ್ಷರ ತಪ್ಪನ್ನು ಮತಗಟ್ಟೆಯಲ್ಲಿ ಲೆಕ್ಕಿಸಬಾರದು ಅಂತಲೇ ಸೂಚನೆ ಇದೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ರೇಶನ್ ಅಂಗಡಿ ಗೋಡೆಗೆ ಅಂಟಿಸಿದೆ. ನೋಟ್‌ಬುಕ್ ತಿರುವಿದರೆ ದೊಡ್ಡ ಮೊತ್ತಗಳೆಲ್ಲ ಇಂಥ ಬೇಡದ ಓಡಾಟದವೇ.

ಗುರುತಿನ ಚೀಟಿಯೇ ಬೇಡ ಅನ್ನುವವಳು ನಾನಲ್ಲ. 1993ರಲ್ಲಿ ಆಗಿನ ಮುಖ್ಯ ಚುನಾವಣಾ ಆಯುಕ್ತ ಶೇಷನ್ ಫೋಟೊ ಕಾರ್ಡ್ ತಂದದ್ದಕ್ಕೆ ಕಾರಣವಿತ್ತು, ಸತ್ತವರ ಹೆಸರಲ್ಲಿ ವೋಟು ಬೀಳುತ್ತಿದ್ದ ಕತೆಗಳನ್ನು ನಾವೂ ಕೇಳಿದ್ದೇವೆ. ಆದರೆ ಚುನಾವಣಾ ನಿಯಮದಲ್ಲಿ ಇನ್ನೊಂದು ಹಳೇ ದಾರಿಯೂ ಇದೆ. ಇವರು ಆ ಆಳು ಅಲ್ಲ ಅಂತ ಮತಗಟ್ಟೆಯಲ್ಲಿ ಕೂತ ಅಭ್ಯರ್ಥಿಯ ಏಜೆಂಟ್ ತಕರಾರು ತೆಗೆದರೆ ಅವನೇ ಮೊದಲು 2 ರೂಪಾಯಿ ಇಡಬೇಕು. ಸುಮ್ನೆ ತಂಟೆಗೆ ತೆಗೆದ ತಕರಾರಾದರೆ ಆ ದುಡ್ಡು ಹೋಯ್ತು. ಅಲ್ಲಿ ಅನುಮಾನ ಪಟ್ಟವನ ಜೇಬಿಗೆ ಖರ್ಚು. ನಮ್ಮ ಅಜ್ಜಿಯ ಮೇಲೆ ಯಾರೂ ಅನುಮಾನ ಪಟ್ಟಿರಲಿಲ್ಲ, ಆದರೂ 632 ಹೋಯ್ತು.

2024ರ ಮೇ 7, ಲೋಕಸಭೆ ಮತದಾನ. ಮತಗಟ್ಟೆ ಹೊರಗೆ ಪಟ್ಟಿ ಹಿಡಿದು ಕೂತಿದ್ದೆ. ಬೆಳಿಗ್ಗೆಯೇ ಸೆಕೆ. ಅಜ್ಜಿ ನಾನು ಕೊಟ್ಟ ಕವರು ಹಿಡಿದು ಬಂದರು, ಒಳಗೆ ಆಧಾರ್. ಕ್ರಮಸಂಖ್ಯೆ ಬರೆದುಕೊಟ್ಟು, "ಅಜ್ಜಿ, ಪೋಸ್ಟಲ್ಲಿ ಬಂದ ಹೊಸ ಕಾರ್ಡ್ ಎಲ್ಲಿ?" ಅಂದೆ.

"ಅಟ್ಟದ ಮೇಲೆ ಇಟ್ಟಿದ್ದೆ ಅಕ್ಕೋರೆ. ಮತ್ತೆ ನೆರೆ ಬಂದು ನೆನೆದ್ರೆ ಯಾರು ಪೇಟೆಗೆ ಹೋಗೂದು?"