ಹಳೆಯ ಗಾಂಧಾರ, ಹೊಸ ರಿಷಭ

ಹಾಡಿನ ಕೊನೆಯ ಪಲ್ಲವಿಯನ್ನು ಕೀಬೋರ್ಡ್‌ನಲ್ಲಿ ಎರಡು ಮನೆ ಮೇಲಕ್ಕೆ ಎತ್ತಬೇಕು ಅನ್ನಿಸಿತ್ತು. ಸಿ ಸ್ವರವೇ ಷಡ್ಜವಾಗಿರುವ ಸಿ ಮೇಜರ್ ಸ್ಕೇಲ್‌ನಿಂದ ಡಿ ಷಡ್ಜವಾಗಿರುವ ಡಿ ಮೇಜರ್‌ಗೆ. ಮೊದಲು ಸುಮ್ನೆ ಎತ್ತಿಬಿಟ್ಟೆ. ಚರಣ ಮುಗಿಯಿತು, ಮುಂದಿನ ಬಾರ್‌ನಲ್ಲೇ, ಅಂದರೆ ತಾಳದ ಮುಂದಿನ ಸುತ್ತಿನಲ್ಲೇ, ಡಿ ಕಾರ್ಡ್ (ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಕೀಬೋರ್ಡ್ ನುಡಿಸುವ ನನಗೆ ಏನೂ ಕಷ್ಟವಾಗಲಿಲ್ಲ. ಹಾಡುವವರು ಮಾತ್ರ ಪ್ರತಿ ಸಲ ಪಲ್ಲವಿಯ ಮೊದಲ ಸ್ವರವನ್ನು ತಡಕಾಡಿ ಹಿಡಿಯುತ್ತಿದ್ದರು. ಅವರಿಗೆ ನಾನು ದಾರಿಯನ್ನೇ ಮಾಡಿಕೊಟ್ಟಿರಲಿಲ್ಲ.

ಎರಡೂ ಸ್ಕೇಲ್‌ಗಳ ಕಾರ್ಡ್‌ಗಳನ್ನು ಅಕ್ಕಪಕ್ಕ ಬರೆದು ನೋಡಿದೆ. ಎರಡಕ್ಕೂ ಸೇರಿದ ಕಾರ್ಡ್ ಎರಡೇ: ಇ ಮೈನರ್, ಜಿ ಮೇಜರ್. ಸಿ ಇಂದ ಜಿ ಸ್ಕೇಲ್‌ಗೆ ಹೋಗುವಾಗ ಇಂಥವು ನಾಲ್ಕು ಸಿಗುತ್ತವೆ. ಆ ದಾರಿ ಸಲೀಸು ಅನ್ನಿಸುವುದು ಅದಕ್ಕೇ.

ನಾನು ಇ ಮೈನರ್ ಆರಿಸಿಕೊಂಡೆ. ಸಿ, ಇ ಮೈನರ್, ಎ ಸೆವೆನ್, ಆಮೇಲೆ ಡಿ. ಮೊದಲ ಮೂರು ಕಾರ್ಡ್‌ಗಳಲ್ಲೂ ಇ ಸ್ವರ ಇದೆ, ನೋಡಿ. ಹಾಡುವವರಿಗೆ ಅದೊಂದನ್ನೇ ಎಳೆದು ಹಿಡಿಯಲು ಹೇಳಿದೆ. ಸಿ ಯಲ್ಲಿ ಅದು ಗಾಂಧಾರ. ಕೆಳಗೆ ಕಾರ್ಡ್ ಬದಲಾಗುತ್ತಾ ಹೋದಂತೆ ಅದೇ ಸ್ವರ ಡಿ ಯ ರಿಷಭ ಆಗಿಬಿಡುತ್ತದೆ. ಪಲ್ಲವಿ ಶುರುವಾಗುವುದು ಡಿ ಯ ಗಾಂಧಾರದಿಂದ. ರಿ ಇಂದ ಗ ಗೆ ಒಂದು ಹೆಜ್ಜೆ, ಅಷ್ಟೇ. ಎ ಸೆವೆನ್ ಒಳಗಿನ ಸಿ ಶಾರ್ಪ್ (ಸಿ ಗಿಂತ ಒಂದು ಮನೆ ಮೇಲಿನ ಸ್ವರ) ಕೂಡ ತುಂಬ ಕೆಲಸ ಮಾಡುತ್ತದೆ. ಅದು ಹೊಸ ಸ್ಕೇಲ್‌ನ ನಿಷಾದ, ಕಿವಿಯನ್ನು ಷಡ್ಜದ ಕಡೆಗೆ ಎಳೆಯುತ್ತದೆ.

ಆದರೂ ಎಲ್ಲೋ ಒರಟು ಉಳಿದಿತ್ತು. ಚರಣದ ಕೊನೆಯ ಸಾಲಲ್ಲಿ ಎಫ್ ಕಾರ್ಡ್ ಇತ್ತು. ಡಿ ಗೆ ಬೇಕಾದದ್ದು ಎಫ್ ಶಾರ್ಪ್. ಹಳೆಯ ಎಫ್ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗ ಹೊಸದು ಹೇಗೆ ಹಿತವಾಗಿ ಕೇಳುತ್ತೆ? ಆ ಸಾಲಿನಿಂದ ಎಫ್ ತೆಗೆದೆ. ಇ ಮೈನರ್‌ಗೂ ಎ ಸೆವೆನ್‌ಗೂ ಅರ್ಧರ್ಧ ಬಾರ್ ಇದ್ದದ್ದನ್ನು ಒಂದೊಂದು ಪೂರ್ತಿ ಬಾರ್ ಮಾಡಿದೆ. ಅವಸರ ಹೋಯಿತು.

ಸೇರುವ ಕಾರ್ಡ್ ಒಂದೂ ಸಿಗದಿದ್ದರೆ ಒಂದು ಸ್ವರವಾದರೂ ಸಾಕು. ಸಿ ಇಂದ ಇ ಫ್ಲಾಟ್‌ಗೆ (ಇ ಗಿಂತ ಒಂದು ಮನೆ ಕೆಳಗಿನ ಸ್ವರ) ಹೋಗುವಾಗ ಜಿ ಸ್ವರ ಎರಡೂ ಕಾರ್ಡ್‌ಗಳಲ್ಲಿರುತ್ತದೆ. ಅದನ್ನು ಹಿಡಿದು ದಾಟಿದ್ದೇನೆ. ಬಣ್ಣ ತಟ್ಟನೆ ಬದಲಾಗುತ್ತದೆ, ಹಾಗಾಗಿ ಸಾಹಿತ್ಯದಲ್ಲೂ ಅಲ್ಲೊಂದು ತಿರುವು ಇರಬೇಕು.

ಈಗ ಸ್ಕೇಲ್ ಬದಲಾಗುವ ಹೊತ್ತಿಗೆ ಸರಿಯಾಗಿ ಕೀಬೋರ್ಡ್‌ನಿಂದ ಕೈ ತೆಗೆಯುತ್ತೇನೆ. ಮುಂದಿನ ಸಾಲನ್ನು ಬರೀ ಬಾಯಲ್ಲಿ ಗುನುಗುತ್ತೇನೆ. ಸ್ವರ ತಾನಾಗಿ ಬಂದರೆ ಸರಿ, ಬರದಿದ್ದರೆ ಹಿಂದಿನ ಎರಡು ಬಾರ್‌ಗಳನ್ನು ಮತ್ತೆ ಬರೆಯುತ್ತೇನೆ.